ಕಟ್ಟಡದ ದುರಸ್ತಿ ನಡೆಯುವಾಗ ಕಾಲೇಜು ಗ್ರಂಥಾಲಯವನ್ನು ನಡೆಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಕಾಲೇಜುಗಳಲ್ಲಿ ಗ್ರಂಥಾಲಯ ಕಟ್ಟಡದ ದುರಸ್ತಿಯ ಮಾತು ಬಂದಾಗಲೆಲ್ಲ ಪ್ರಾಂಶುಪಾಲರು, ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ನಮ್ಮ ವೃತ್ತಿಬಾಂಧವರು ಕೇಳುವ ಪ್ರಶ್ನೆಗಳಿಗೆ ಬಳ್ಳಾರಿಯ ಗ್ರಂಥಪಾಲಕನೊಬ್ಬನ ಉತ್ತರಗಳು ಇಲ್ಲಿವೆ. ಛಾವಣಿ ಬಿಚ್ಚಿದ್ದರೂ, ಪುಸ್ತಕ ಪೆಟ್ಟಿಗೆಯೊಳಗಿದ್ದರೂ, ಕೇಳಿಕೊಂಡು ಬಂದ ಓದುಗರಿಗೆ ಆ ಪುಸ್ತಕ ಎಲ್ಲಿದೆ, ಎಷ್ಟು ಹೊತ್ತಿಗೆ ಕೈಗೆ ಬರುತ್ತದೆ ಎಂಬುದನ್ನು ಖಚಿತವಾಗಿ ಹೇಳಲು ಸಾಧ್ಯವಾಗಬೇಕು ಎಂಬ ನಂಬಿಕೆಯೇ ಈ ಎಲ್ಲ ಉತ್ತರಗಳಿಗೂ ಆಧಾರ.

ದುರಸ್ತಿ ಮುಗಿಯುವವರೆಗೆ ಗ್ರಂಥಾಲಯವನ್ನು ಮುಚ್ಚಿಬಿಟ್ಟರೆ ಆಗದೇ?

ಆಗದು. ಮೂರು ತಿಂಗಳೆಂದು ಆರಂಭವಾದ ಕಾಮಗಾರಿ ಒಂದು ಸೆಮಿಸ್ಟರನ್ನೇ ನುಂಗುವುದು ಅಪರೂಪವಲ್ಲ. ಪದವಿಯ ಒಂದು ಸೆಮಿಸ್ಟರ್ ಪುಸ್ತಕವಿಲ್ಲದೆ ಕಳೆದರೆ ಆ ವಿದ್ಯಾರ್ಥಿಗೆ ಅದು ಮರಳಿ ಸಿಗುವುದಿಲ್ಲ. ಮುಚ್ಚಬೇಕಾದದ್ದು ಕಟ್ಟಡವನ್ನೇ ಹೊರತು ಸೇವೆಯನ್ನಲ್ಲ. ಪುಸ್ತಕ ಕೊಡುವುದು ಮತ್ತು ಹಿಂಪಡೆಯುವುದು, ಕುಳಿತು ಓದಲು ಜಾಗ, ಪರಾಮರ್ಶನ, ವಿದ್ಯುನ್ಮಾನ ಸಂಪನ್ಮೂಲಗಳು, ಪರೀಕ್ಷೆಯ ಹೊತ್ತಿನ ನೋ ಡ್ಯೂಸ್ ಪತ್ರ ಇವುಗಳಲ್ಲಿ ಯಾವುದಕ್ಕೂ ಇಡೀ ಕಟ್ಟಡ ಬೇಕಿಲ್ಲ. ನೆಲಮಹಡಿಯಲ್ಲಿ ಎರಡು ತರಗತಿ ಕೋಣೆಗಳು, ಒಂದು ಗಟ್ಟಿ ಬೀಗ, ನಂಬಬಹುದಾದ ವಿದ್ಯುತ್ ಸಂಪರ್ಕ ಮತ್ತು ಅಂತರ್ಜಾಲ ಸಿಕ್ಕರೆ ಬಹುಪಾಲು ಸೇವೆಗಳನ್ನು ಅಲ್ಲಿಂದಲೇ ನಡೆಸಬಹುದು.

ಕಾಮಗಾರಿಯನ್ನು ಯಾವ ತಿಂಗಳಲ್ಲಿ ಆರಂಭಿಸುವುದು ಒಳ್ಳೆಯದು?

ಸಾಮಾನ್ಯವಾಗಿ ಎಲ್ಲರೂ ಬೇಸಿಗೆ ರಜೆ ಎನ್ನುತ್ತಾರೆ. ನಮ್ಮ ಭಾಗದ ಮಟ್ಟಿಗೆ ಈ ಉತ್ತರ ಅರ್ಧ ಮಾತ್ರ ಸರಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಪುಸ್ತಕದ ಪೆಟ್ಟಿಗೆ ಹೊರುವ ಕೆಲಸವನ್ನು ಬೆಳಗಿನ ಹೊತ್ತಿಗಷ್ಟೇ ಸೀಮಿತಗೊಳಿಸಬೇಕಾಗುತ್ತದೆ. ಅದೇ ದಿನಗಳ ಸಂಜೆ ಬೀಸುವ ಗಾಳಿ ಮತ್ತು ಹಠಾತ್ತನೆ ಸುರಿಯುವ ಅಡ್ಡಮಳೆ ಬಿಚ್ಚಿದ ಛಾವಣಿಗೆ ದೊಡ್ಡ ಅಪಾಯ. ಇನ್ನು ನಮ್ಮ ಈ ಒಣ ಬಯಲಿನಲ್ಲಿ ಹೆಚ್ಚಿನ ಮಳೆ ಬೀಳುವುದು ಜೂನ್‌ನಲ್ಲಲ್ಲ, ಸೆಪ್ಟೆಂಬರ್‌ನ ಆಸುಪಾಸಿನಲ್ಲಿ. ಜೂನ್‌ನಲ್ಲಿ ಮಳೆ ಬರಲಿಲ್ಲವೆಂದು ಧೈರ್ಯ ತಳೆದು ಛಾವಣಿಯ ಕೆಲಸವನ್ನು ಆಗಸ್ಟ್ ಆಚೆಗೆ ಎಳೆದರೆ ಪುಸ್ತಕಗಳು ನೀರಿಗೆ ಸಿಲುಕುತ್ತವೆ.

ಆದ್ದರಿಂದ ಛಾವಣಿಯ ಕೆಲಸವಿದ್ದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಒಣ ಮತ್ತು ತಂಪು ದಿನಗಳೇ ಅತ್ಯುತ್ತಮ. ಬಣ್ಣ, ವೈರಿಂಗ್, ನೆಲಹಾಸಿನಂಥ ಒಳಗಿನ ಕೆಲಸವನ್ನು ರಜೆಗೆ ಹೊಂದಿಸಿಕೊಳ್ಳಬಹುದು. ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡೇ ದಿನಾಂಕ ಗೊತ್ತುಮಾಡಬೇಕು. ಪರೀಕ್ಷೆಗೆ ಮುಂಚಿನ ಮೂರು ವಾರಗಳಲ್ಲಿ ಪುಸ್ತಕ ಸಾಗಿಸುವ ಕೆಲಸವನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬಾರದು.

ಯಾವ ಪುಸ್ತಕಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು, ಯಾವುವನ್ನು ಕಟ್ಟಿಡಬೇಕು?

ಇದನ್ನು ಊಹೆಯಿಂದ ನಿರ್ಧರಿಸಬೇಡಿ. ಕೋಹಾ ಇರಲಿ, ಇ-ಗ್ರಂಥಾಲಯ ಇರಲಿ, ಗ್ರಂಥಾಲಯದ ಲೆಕ್ಕವಿಡುವ ನಿಮ್ಮ ತಂತ್ರಾಂಶದಿಂದ ಕಳೆದ ಎರಡು ಮೂರು ವರ್ಷಗಳ ಇಶ್ಯೂ ವರದಿಯನ್ನು, ಅಂದರೆ ಯಾವ ಪುಸ್ತಕ ಎಷ್ಟು ಸಲ ಹೊರಹೋಯಿತೆಂಬ ಪಟ್ಟಿಯನ್ನು ತೆಗೆಯಿರಿ. ಯಾವುದೇ ಕಾಲೇಜಿನಲ್ಲಾದರೂ ಸಂಗ್ರಹದ ಒಂದು ಸಣ್ಣ ಭಾಗವೇ ಬಹುಪಾಲು ಓದುಗರ ಕೈಯಲ್ಲಿ ಓಡಾಡುತ್ತಿರುತ್ತದೆ. ಆ ಭಾಗಕ್ಕೆ ನಡೆಯುತ್ತಿರುವ ಸೆಮಿಸ್ಟರಿನ ಪಠ್ಯಗಳನ್ನೂ, ಪ್ರತಿ ವಿಷಯದ ಪರಾಮರ್ಶನ ಗ್ರಂಥದ ಒಂದೊಂದು ಪ್ರತಿಯನ್ನೂ, ನಿಘಂಟುಗಳನ್ನೂ ಸೇರಿಸಿದರೆ ತಾತ್ಕಾಲಿಕ ಗ್ರಂಥಾಲಯದ ಸಂಗ್ರಹ ಸಿದ್ಧವಾಗುತ್ತದೆ.

ವರದಿಯಲ್ಲಿ ಕಾಣಿಸದ ಎರಡು ಗುಂಪುಗಳನ್ನು ಮರೆಯಬಾರದು. ಒಂದು, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ಬುಕ್ ಬ್ಯಾಂಕ್ ಪುಸ್ತಕಗಳು. ಇವು ಸೆಮಿಸ್ಟರಿಗೊಮ್ಮೆ ಮಾತ್ರ ಹೊರಹೋಗುವುದರಿಂದ ಇಶ್ಯೂ ಸಂಖ್ಯೆ ಕಡಿಮೆ ಕಾಣುತ್ತದೆ, ಆದರೆ ಅವುಗಳನ್ನು ನೆಚ್ಚಿಕೊಂಡವರಿಗೆ ಬೇರೆ ದಾರಿಯಿರುವುದಿಲ್ಲ. ಇನ್ನೊಂದು, ರೀಡಿಂಗ್ ರೂಮಿನಲ್ಲೇ ಕುಳಿತು ಓದುವ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಮತ್ತು ಪತ್ರಿಕೆಗಳು. ಕೆಪಿಎಸ್‌ಸಿ, ಕೆ-ಸೆಟ್‌ಗಳಿಗೆ ಓದುವವರು ಆ ಪುಸ್ತಕಗಳನ್ನು ಮನೆಗೆ ಒಯ್ಯುವುದೇ ಇಲ್ಲವಾದ್ದರಿಂದ ಗಣಕದಲ್ಲಿ ಅದರ ಗುರುತೇ ಉಳಿಯುವುದಿಲ್ಲ.

ಕಟ್ಟಿಟ್ಟ ಪುಸ್ತಕ ಬೇಕಾದರೆ ಏನು ಮಾಡಬೇಕು?

ಕೌಂಟರಿನಲ್ಲಿ ಚೀಟಿ ಬರೆದುಕೊಟ್ಟರೆ ಮರುದಿನ ಗೊತ್ತಾದ ಹೊತ್ತಿಗೆ ಪುಸ್ತಕ ತಂದುಕೊಡುವ ಏರ್ಪಾಡು ಇರಬೇಕು. ಅಂಥ ಬೇಡಿಕೆಗಳನ್ನು ದಿನಕ್ಕೊಮ್ಮೆ ಒಟ್ಟುಗೂಡಿಸಿ ತರುವುದು ಸಿಬ್ಬಂದಿಗೂ ಅನುಕೂಲ. ಆ ಹೊತ್ತನ್ನು ಗೊತ್ತುಮಾಡುವಾಗ ಬಸ್ಸಿನ ವೇಳೆಯನ್ನು ಗಮನದಲ್ಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ ಕಡೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗೆ ಸಂಜೆ ಐದಕ್ಕೆ ಪುಸ್ತಕ ಕೊಡುತ್ತೇವೆ ಎನ್ನುವುದು ಕೊಡುವುದಿಲ್ಲ ಎಂದಂತೆಯೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೊಟ್ಟರೆ ಎಲ್ಲರಿಗೂ ತಲುಪುತ್ತದೆ.

ಪುಸ್ತಕಗಳನ್ನು ಖಾಲಿ ಇರುವ ಮೇಲ್ಮಹಡಿಯ ತರಗತಿಗಳಲ್ಲಿ ಪೇರಿಸಿಡಬಹುದೇ?

ದಯವಿಟ್ಟು ಎಂಜಿನಿಯರರನ್ನು ಕೇಳದೆ ಇಡಬೇಡಿ. ಒಂದು ಮೀಟರ್ ಉದ್ದದ ಶೆಲ್ಫಿನಲ್ಲಿ ಸಾಧಾರಣ ಗಾತ್ರದ ಮೂವತ್ತಕ್ಕೂ ಹೆಚ್ಚು ಪುಸ್ತಕಗಳು ಹಿಡಿಯುತ್ತವೆ, ಅಷ್ಟರ ತೂಕವೇ 20 ರಿಂದ 30 ಕಿಲೋ ಆಗುತ್ತದೆ. ಬೈಂಡ್ ಮಾಡಿಸಿದ ಪತ್ರಿಕಾ ಸಂಪುಟಗಳಾದರೆ ಇನ್ನೂ ಹೆಚ್ಚು. ಕಟ್ಟಡಗಳ ಮೇಲಿನ ಭಾರವನ್ನು ಕುರಿತ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗವು ತರಗತಿ ಕೋಣೆಯ ನೆಲಕ್ಕೆ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರವನ್ನು ಲೆಕ್ಕ ಹಿಡಿದರೆ, 2.2 ಮೀಟರ್ ಎತ್ತರದವರೆಗಿನ ಪುಸ್ತಕ ದಾಸ್ತಾನು ಕೋಣೆಗೆ ಅದರ ಎರಡರಷ್ಟು, 6 ಕಿಲೋನ್ಯೂಟನ್ ಲೆಕ್ಕ ಹಿಡಿಯುತ್ತದೆ. ತರಗತಿಗೆಂದು ಕಟ್ಟಿದ ಮಹಡಿಯಲ್ಲಿ ಆಳೆತ್ತರಕ್ಕೆ ಪೆಟ್ಟಿಗೆ ಪೇರಿಸಿದರೆ ಆ ನೆಲ ಹೊರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿನ ಭಾರ ಅದರ ಮೇಲೆ ಬೀಳುತ್ತದೆ, ಕೆಳಗಿನ ಕೋಣೆಯಲ್ಲಿ ಮಕ್ಕಳು ಕುಳಿತಿರುತ್ತಾರೆ. ನೆಲಮಹಡಿಯೇ ಇರಲಿ. ಅದು ಸಾಧ್ಯವೇ ಇಲ್ಲದಿದ್ದರೆ ಎಂಜಿನಿಯರರ ಲಿಖಿತ ಒಪ್ಪಿಗೆ ಪಡೆದು, ಅವರು ಹೇಳಿದ ಎತ್ತರ ಮೀರದಂತೆ ಗೋಡೆಗಳ ಪಕ್ಕಕ್ಕೆ ಹಂಚಿ ಇಡಬೇಕು.

ಕಟ್ಟುವಾಗ ಪಾಲಿಸಬೇಕಾದ ಕ್ರಮವೇನು?

ಇಡೀ ಕೆಲಸದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೋಣಿಚೀಲಕ್ಕೆ ತುಂಬುವುದು, ಸೆಣಬಿನ ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಎರಡೂ ಬೇಡ. ಹಗ್ಗ ರಟ್ಟಿನ ಅಂಚನ್ನು ಕೊಯ್ಯುತ್ತದೆ, ಚೀಲದಲ್ಲಿ ಪುಟಗಳು ಮಡಚಿಕೊಳ್ಳುತ್ತವೆ. ಗಟ್ಟಿ ರಟ್ಟಿನ ಸಣ್ಣ ಪೆಟ್ಟಿಗೆಗಳೇ ಒಳ್ಳೆಯವು. ತುಂಬಿದ ಪೆಟ್ಟಿಗೆಯ ತೂಕ 15 ಕಿಲೋ ಮೀರಬಾರದು, ಏಕೆಂದರೆ ದಿನವಿಡೀ ಅದನ್ನು ಎತ್ತಿ ಇಳಿಸುವವರು ನಮ್ಮ ಅಟೆಂಡರುಗಳು. ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿ ಅಥವಾ ಚಪ್ಪಟೆಯಾಗಿ ಮಲಗಿಸಿ ತುಂಬಬೇಕು. ಹಾಳೆಗಳ ಅಂಚು ಕೆಳಗೆ ಬರುವಂತೆ ಇಟ್ಟರೆ ಪುಟಗಳ ಭಾರಕ್ಕೆ ಬೈಂಡಿಂಗ್ ಸಡಿಲಗೊಳ್ಳುತ್ತದೆ.

ಕರೆಸಂಖ್ಯೆಯ, ಅಂದರೆ ಶೆಲ್ಫಿನಲ್ಲಿ ಜಾಗ ಸೂಚಿಸಲು ಪುಸ್ತಕದ ಬೆನ್ನಿನ ಮೇಲೆ ಬರೆದ ಸಂಖ್ಯೆಯ ಕ್ರಮದಲ್ಲಿ, ಒಂದು ರ್‍ಯಾಕಿನ ಎಡಗಡೆಯ ಮೇಲಿನ ಶೆಲ್ಫಿನಿಂದ ಹೊರಟು, ಯಾವುದನ್ನೂ ಬಿಡದೆ ತುಂಬುತ್ತಾ ಹೋಗಬೇಕು. ಪ್ರತಿ ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ, ಮುಚ್ಚಳದ ಮೇಲಲ್ಲ, ಚೀಟಿ ಅಂಟಿಸಬೇಕು; ಪೇರಿಸಿದ ಮೇಲೆ ಮುಚ್ಚಳ ಕಾಣುವುದಿಲ್ಲ. ಚೀಟಿಯಲ್ಲಿ ಪೆಟ್ಟಿಗೆಯ ಕ್ರಮಸಂಖ್ಯೆ, ಮೊದಲ ಪುಸ್ತಕದ ಮತ್ತು ಕೊನೆಯ ಪುಸ್ತಕದ ಕರೆಸಂಖ್ಯೆ, ಅದು ಬಂದ ರ್‍ಯಾಕಿನ ಸಂಖ್ಯೆ ಇಷ್ಟಿರಲಿ. ಉದಾಹರಣೆಗೆ ಪುಸ್ತಕಗಳನ್ನು ವಿಷಯವಾರು ಸಂಖ್ಯೆಗಳಲ್ಲಿ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814ರ ಅಡಿಯಲ್ಲಿ ಬರುವುದರಿಂದ ನಮ್ಮ ಕಾಲೇಜುಗಳಲ್ಲಿ ಹತ್ತಾರು ಪೆಟ್ಟಿಗೆಗಳು ಅದೇ ಸಂಖ್ಯೆಯಿಂದ ತುಂಬುತ್ತವೆ. ಅಲ್ಲಿ ಗ್ರಂಥಕರ್ತನ ಹೆಸರಿನ ಅಕ್ಷರಗಳನ್ನೂ ಬರೆಯದಿದ್ದರೆ ಚೀಟಿಯಿಂದ ಪ್ರಯೋಜನವಿಲ್ಲ.

ಪೆಟ್ಟಿಗೆ ಮುಚ್ಚುವ ಮೊದಲು ಅದರೊಳಗಿನ ಪುಸ್ತಕಗಳ ಬಾರ್‌ಕೋಡುಗಳನ್ನು ಸ್ಕ್ಯಾನ್ ಮಾಡಿ ಒಂದು ಕಡತದಲ್ಲಿ ಉಳಿಸಿಕೊಳ್ಳಿ. ಕೋಹಾ ಬಳಸುವವರು ಅದೇ ಕಡತವನ್ನು ಬ್ಯಾಚ್ ಐಟಂ ಮಾಡಿಫಿಕೇಶನ್ ಸೌಲಭ್ಯಕ್ಕೆ ಕೊಟ್ಟು, ಅಷ್ಟೂ ಪುಸ್ತಕಗಳ ಸ್ಥಳವನ್ನು ಒಂದೇ ಬಾರಿಗೆ ತಾತ್ಕಾಲಿಕ ದಾಸ್ತಾನು ಎಂದು ಬದಲಿಸಬಹುದು, ಪೆಟ್ಟಿಗೆಯ ಸಂಖ್ಯೆಯನ್ನೂ ಟಿಪ್ಪಣಿಯಾಗಿ ಸೇರಿಸಬಹುದು. ಈ ಕೆಲಸ ಅದೇ ದಿನ ಸಂಜೆಯೊಳಗೆ ಮುಗಿಯಬೇಕು. ಗ್ರಂಥಸೂಚಿಯಲ್ಲಿ (ಕ್ಯಾಟಲಾಗಿನಲ್ಲಿ) ಲಭ್ಯ ಎಂದು ತೋರಿಸಿ ಕೌಂಟರಿನಲ್ಲಿ ಇಲ್ಲ ಎನ್ನುವ ಗ್ರಂಥಾಲಯದ ಮೇಲೆ ಓದುಗರಿಗೆ ನಂಬಿಕೆ ಹೋಗುತ್ತದೆ, ಆ ನಂಬಿಕೆಯನ್ನು ಹೊಸ ಕಟ್ಟಡ ತಂದುಕೊಡುವುದಿಲ್ಲ. ಗಣಕೀಕರಣವಾಗದ ಗ್ರಂಥಾಲಯಗಳಲ್ಲಿ ಪರಿಗ್ರಹಣ ಸಂಖ್ಯೆಗಳನ್ನು, ಅಂದರೆ ಪ್ರತಿ ಪುಸ್ತಕಕ್ಕೆ ದಾಖಲೆಯಲ್ಲಿ ಕೊಟ್ಟ ಕ್ರಮಸಂಖ್ಯೆಗಳನ್ನು, ಪೆಟ್ಟಿಗೆಗೊಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕಾಗುತ್ತದೆ.

ಇರುವ ಜಾಗವೇ ಸಾಲದಿದ್ದರೆ?

ಓದುಗರ ಮನೆಗಿಂತ ಒಳ್ಳೆಯ ದಾಸ್ತಾನು ಇನ್ನೊಂದಿಲ್ಲ. ಸಾಗಣೆಗೆ ಎರಡು ವಾರ ಮುಂಚೆ ಪ್ರತಿಯೊಬ್ಬರ ಪುಸ್ತಕ ಮಿತಿಯನ್ನು ಹೆಚ್ಚಿಸಿ, ವಾಪಸು ದಿನಾಂಕವನ್ನು ಕಾಮಗಾರಿ ಮುಗಿಯುವ ಅಂದಾಜಿಗೆ ಮುಂದೂಡಿ, ದಂಡವನ್ನು ಆ ಅವಧಿಗೆ ನಿಲ್ಲಿಸಿದರೆ ಸಾಕಷ್ಟು ಶೆಲ್ಫುಗಳು ತಾವಾಗಿಯೇ ಖಾಲಿಯಾಗುತ್ತವೆ, ಪುಸ್ತಕಗಳು ಪೆಟ್ಟಿಗೆಯ ಬದಲು ಓದುವವರ ಕೈಯಲ್ಲಿರುತ್ತವೆ. ಕೊನೆಯ ಸೆಮಿಸ್ಟರಿನವರಿಗೆ ಮಾತ್ರ ಕಾಲೇಜು ಬಿಡುವ ಮುನ್ನಿನ ದಿನಾಂಕವನ್ನೇ ಕೊಡಬೇಕು.

ದೂಳಿನಿಂದ ಪುಸ್ತಕಗಳನ್ನು ಕಾಪಾಡುವುದು ಹೇಗೆ?

ನಮ್ಮಲ್ಲಿ ಮೊದಲೇ ಗಣಿಯ ಕೆಂದೂಳು, ಎರೆಮಣ್ಣಿನ ದೂಳು ಸಾಲದೆಂಬಂತೆ ಈಗ ಗ್ರಾನೈಟ್ ಮತ್ತು ಟೈಲ್ಸ್ ಕೊಯ್ಯುವ ದೂಳೂ ಸೇರುತ್ತದೆ. ಕಲ್ಲು ಕೊಯ್ದ ದೂಳಿನಲ್ಲಿರುವ ಸಿಲಿಕಾ ಮನುಷ್ಯರ ಶ್ವಾಸಕೋಶಕ್ಕೂ ಹಾನಿಕರ. ಹಾಗಾಗಿ ಕೊಯ್ಯುವ ಕೆಲಸವನ್ನು ಕಟ್ಟಡದ ಹೊರಗೆ, ಕಲ್ಲಿಗೆ ನೀರು ಬಿಡುತ್ತಾ ಮಾಡಬೇಕೆಂದು ಮೇಸ್ತ್ರಿಗೆ ಮೊದಲೇ ಹೇಳಿ. ಕೆಲಸದ ಭಾಗಕ್ಕೂ ಪುಸ್ತಕವಿರುವ ಭಾಗಕ್ಕೂ ನಡುವೆ ನೆಲದಿಂದ ಛಾವಣಿಯವರೆಗೆ ತಾಡಪತ್ರಿ ಕಟ್ಟಿ ಅಂಚುಗಳನ್ನು ಟೇಪಿನಿಂದ ಮುಚ್ಚಿಸಿ.

ಸಾಗಿಸಲಾಗದ ರ್‍ಯಾಕುಗಳ ಮೇಲೆ ಪ್ಲಾಸ್ಟಿಕ್ ಹೊದಿಸಬಹುದು, ಆದರೆ ಗಾಳಿಯಾಡದಂತೆ ಸುತ್ತಬಾರದು. ಗಾರೆ ಕೆಲಸದ ತೇವ ಒಳಗೆ ಸಿಕ್ಕಿಕೊಂಡರೆ ಬೂಸ್ಟು ಹಿಡಿಯುತ್ತದೆ. ಶುಚಿಗೊಳಿಸುವಾಗ ಒದ್ದೆ ಬಟ್ಟೆಯನ್ನು ಪುಸ್ತಕದ ಹತ್ತಿರ ತರಬೇಡಿ, ಸಿಮೆಂಟಿನ ಪುಡಿ ತೇವಗೊಂಡರೆ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಮೇಲಂಚಿನ ದೂಳನ್ನು ಬೆನ್ನಿನ ಕಡೆಯಿಂದ ಹೊರ ಅಂಚಿನ ಕಡೆಗೆ ಮೆತ್ತನೆಯ ಕುಂಚದಿಂದ ತಳ್ಳಬೇಕು. ತೆರೆದು ಹಿಡಿದರೆ ದೂಳು ಹೊಲಿಗೆಯ ಸಂದಿಗೆ ಇಳಿಯುತ್ತದೆ. ಈ ಕೆಲಸ ಮಾಡುವ ಎಲ್ಲರಿಗೂ ಮಾಸ್ಕ್ ಕೊಡುವುದು ಕಾಲೇಜಿನ ಹೊಣೆ.

ಹಳೆಯ, ಅಪರೂಪದ ಪುಸ್ತಕಗಳ ಬಗ್ಗೆ ಬೇರೆ ಎಚ್ಚರಿಕೆ ಬೇಕೇ?

ಖಂಡಿತ ಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಇಂದಿನ ಕೊಪ್ಪಳದ ಬಹುಭಾಗವನ್ನೂ ಒಳಗೊಂಡಿದ್ದ ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿತ್ತು. ಹಾಗಾಗಿ ನಮ್ಮ ಹಳೆಯ ಸಂಗ್ರಹಗಳಲ್ಲಿ ತೆಲುಗು, ಉರ್ದು ಪುಸ್ತಕಗಳೂ ಆ ಕಾಲದ ಸರ್ಕಾರಿ ವರದಿಗಳೂ ಸಿಗುವ ಸಾಧ್ಯತೆಯಿದೆ. ಲಿಪಿ ಓದಲು ಬಾರದವರು ಕಟ್ಟಿದರೆ ಇವೇ ಮೊದಲು ಅಸ್ತವ್ಯಸ್ತವಾಗುತ್ತವೆ, ಹಳೆಯ ಕಾಗದವೆಂದು ರದ್ದಿಗೆ ಹೋಗುವುದೂ ಉಂಟು. ಇವನ್ನು ಕೂಲಿಯವರ ಕೈಗೆ ಕೊಡದೆ ಗ್ರಂಥಪಾಲಕರೇ ಎದುರಿಗೆ ನಿಂತು ಕಟ್ಟಿಸಿ, ಪ್ರತ್ಯೇಕ ಪಟ್ಟಿಗೆ ಇಬ್ಬರ ಸಹಿ ಹಾಕಿಸಿ, ಪ್ರಾಂಶುಪಾಲರ ಕೊಠಡಿಯ ಬೀರುವಿನಂಥ ಬೀಗವಿರುವ ಜಾಗದಲ್ಲಿ ಇಡಬೇಕು. ಉರ್ದು ಪುಸ್ತಕಗಳ ಬೆನ್ನು ಬಲಗಡೆಗಿರುತ್ತದೆ ಎಂಬುದನ್ನು ಕಟ್ಟುವವರಿಗೆ ತೋರಿಸಿಕೊಡಿ. ಗ್ರಂಥಕರ್ತರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ಭಾರತದಲ್ಲಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದ್ದರಿಂದ, ಹೇಗೂ ಹೊರತೆಗೆದ ಈ ಹೊತ್ತಿನಲ್ಲೇ ಅಂಥವನ್ನು ಸ್ಕ್ಯಾನ್ ಮಾಡಿಸುವ ಆಲೋಚನೆ ಯೋಗ್ಯ.

ಆನ್‌ಲೈನ್ ಸಂಪನ್ಮೂಲಗಳಿರುವಾಗ ಇಷ್ಟೆಲ್ಲ ಏಕೆ?

ಅವು ದೊಡ್ಡ ಆಸರೆ ಎಂಬುದರಲ್ಲಿ ಸಂದೇಹವಿಲ್ಲ. 2025ರ ಜನವರಿ 1ರಿಂದ ಜಾರಿಗೆ ಬಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಡಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 6,300 ಸಂಸ್ಥೆಗಳಿಗೆ ಮೂವತ್ತು ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ತಲುಪಿಸಲು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಒದಗಿಸಲಾಗಿದೆ. ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಸಂಸ್ಥೆ ನಡೆಸುವ ಎನ್-ಲಿಸ್ಟ್ ಎಂಬ ಸೇವೆ ಕಾಲೇಜುಗಳಿಗೆ ಇ-ಪುಸ್ತಕಗಳನ್ನು ಕೊಡುತ್ತದೆ, ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳಿವೆ, ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲರಿಗೂ ಉಚಿತ. ಎನ್-ಲಿಸ್ಟಿನ ಲಾಗಿನ್ ಪ್ರತಿಯೊಬ್ಬರಿಗೂ ಕಾಲೇಜಿನ ಮೂಲಕವೇ ಸಿಗಬೇಕಾದ್ದರಿಂದ, ಸಾಗಣೆ ಆರಂಭವಾಗುವ ಮೊದಲೇ ತರಗತಿವಾರು ಖಾತೆಗಳನ್ನು ಮಾಡಿಕೊಟ್ಟು ಬಳಸುವ ರೀತಿಯನ್ನು ಮೊಬೈಲಿನಲ್ಲೇ ತೋರಿಸಬೇಕು.

ಆದರೆ ಇವುಗಳಲ್ಲಿ ಹೆಚ್ಚಿನದೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವ ಹಳ್ಳಿಯ ಹುಡುಗಿಗೆ ಬೇಕಾದ ಇತಿಹಾಸದ, ಅರ್ಥಶಾಸ್ತ್ರದ ಕನ್ನಡ ಪುಸ್ತಕಗಳು ಅಲ್ಲಿ ಸಿಗುವುದು ಕಡಿಮೆ. ಆನ್‌ಲೈನ್ ಇದೆಯಲ್ಲ ಎಂದು ಬಾಗಿಲು ಮುಚ್ಚಿದರೆ ನಷ್ಟ ಸಮನಾಗಿ ಹಂಚಿಕೆಯಾಗುವುದಿಲ್ಲ, ಅದು ನೇರವಾಗಿ ಅವಳ ಮೇಲೆ ಬೀಳುತ್ತದೆ. ತಾತ್ಕಾಲಿಕ ಕೋಣೆಯಲ್ಲಿ ಜಾಗ ಕಡಿಮೆಯಾದಾಗ ಇಂಗ್ಲಿಷ್ ಪತ್ರಿಕಾ ಸಂಪುಟಗಳನ್ನು ಕಟ್ಟಿಟ್ಟು ಕನ್ನಡದ ಪಠ್ಯ ಮತ್ತು ಪೂರಕ ಪುಸ್ತಕಗಳನ್ನು ಹೊರಗಿಡುವುದು ನ್ಯಾಯವೆಂದು ನಾನು ಭಾವಿಸುತ್ತೇನೆ.

ಸರ್ವರ್ ಮತ್ತು ಗಣಕಗಳನ್ನು ಯಾವಾಗ ಸ್ಥಳಾಂತರಿಸಬೇಕು?

ಎಲ್ಲಕ್ಕಿಂತ ಮೊದಲು, ರಜಾದಿನವೊಂದರಲ್ಲಿ. ಹಿಂದಿನ ದಿನವೇ ದತ್ತಾಂಶದ ಎರಡು ಪ್ರತಿಗಳನ್ನು ತೆಗೆದು ಒಂದನ್ನು ಕಟ್ಟಡದ ಹೊರಗಿಡಿ. ಸರ್ವರಿಗೆ ಯುಪಿಎಸ್ ಇರಲೇಬೇಕು, ಏಕೆಂದರೆ ವೈರಿಂಗ್ ಕೆಲಸ ನಡೆಯುವಾಗ ವಿದ್ಯುತ್ ಹೇಳದೆ ಕೇಳದೆ ಹೋಗುತ್ತದೆ.

ಗುತ್ತಿಗೆದಾರರೊಂದಿಗೆ ಏನೇನು ಮಾತಾಡಿಕೊಳ್ಳಬೇಕು?

ಮಾತಾಡಿಕೊಂಡರೆ ಸಾಲದು, ಕರಾರಿನಲ್ಲಿ ಬರೆಸಬೇಕು. ಗೋಡೆ ಒಡೆಯುವ, ಡ್ರಿಲ್ ಮಾಡುವ ಗದ್ದಲದ ಕೆಲಸ ತರಗತಿಗಳು ಆರಂಭವಾಗುವ ಮೊದಲು ಅಥವಾ ಮುಗಿದ ನಂತರ ನಡೆಯಬೇಕು. ವಿದ್ಯುತ್ ಕಡಿತಗೊಳಿಸುವ ಮುನ್ನ ಎರಡು ದಿನದ ಸೂಚನೆ ಕೊಡಬೇಕು. ವೆಲ್ಡಿಂಗ್ ನಡೆಯುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಮತ್ತು ಅದನ್ನು ಬಳಸಬಲ್ಲ ಒಬ್ಬ ವ್ಯಕ್ತಿ ಇರಬೇಕು, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಕಿಡಿ ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಪ್ರತಿ ವಾರ ಒಮ್ಮೆ ಗ್ರಂಥಪಾಲಕರು, ಎಂಜಿನಿಯರ್ ಮತ್ತು ಮೇಸ್ತ್ರಿ ಒಟ್ಟಿಗೆ ನಿಂತು ಮುಂದಿನ ವಾರದ ಕೆಲಸವನ್ನು ಗೊತ್ತುಮಾಡಿಕೊಂಡರೆ ಅರ್ಧ ತಕರಾರುಗಳು ಹುಟ್ಟುವುದೇ ಇಲ್ಲ.

ಅಂಗವಿಕಲ ವಿದ್ಯಾರ್ಥಿಗಳಿಗೆ ತಾತ್ಕಾಲಿಕ ಏರ್ಪಾಡು ಏನು?

ತಾತ್ಕಾಲಿಕ ಎಂಬ ಕಾರಣಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅನ್ವಯವಾಗದೆ ಹೋಗುವುದಿಲ್ಲ. ಕೌಂಟರ್ ಮತ್ತು ಓದುವ ಕೋಣೆ ನೆಲಮಹಡಿಯಲ್ಲಿರಬೇಕು. ಮೆಟ್ಟಿಲಿದ್ದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಕಟ್ಟಿಸಬೇಕು. ದೃಷ್ಟಿದೋಷವುಳ್ಳವರಿಗೆ ಅವರು ಓದಬಲ್ಲ ರೂಪದಲ್ಲಿ ಪುಸ್ತಕ ಒದಗಿಸುವ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದ ಸದಸ್ಯತ್ವ ಮಾಡಿಸಿಕೊಡಬಹುದು. ದಾರಿಯಲ್ಲಿ ಮರಳು, ಜಲ್ಲಿ, ಕಬ್ಬಿಣ ಬಿದ್ದಿರದಂತೆ ದಿನವೂ ನೋಡಿಕೊಳ್ಳಬೇಕಾದವರು ಯಾರು ಎಂಬುದನ್ನು ಹೆಸರು ಬರೆದು ಗೊತ್ತುಮಾಡಬೇಕು.

ಸಾಗಣೆಯ ಜೊತೆಗೇ ಪುಸ್ತಕಗಳ ಭೌತಿಕ ಪರಿಶೀಲನೆಯನ್ನೂ ಮಾಡಬಹುದೇ?

ಮಾಡಬಹುದು, ಮಾಡಿದರೆ ಒಳ್ಳೆಯದು, ಏಕೆಂದರೆ ಪ್ರತಿ ಪುಸ್ತಕವೂ ಹೇಗೂ ಒಮ್ಮೆ ಕೈಗೆ ಬರುತ್ತದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮವು 20,000ದವರೆಗೆ ಪುಸ್ತಕಗಳಿದ್ದರೆ ಪ್ರತಿ ವರ್ಷ, 20,000ದಿಂದ 50,000ದವರೆಗಿದ್ದರೆ ಮೂರು ವರ್ಷಕ್ಕೊಮ್ಮೆಯಾದರೂ ಪೂರ್ಣ ಪರಿಶೀಲನೆ ಆಗಬೇಕೆನ್ನುತ್ತದೆ. ವರ್ಷದಲ್ಲಿ ಹೊರಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ ಸಾವಿರ ಪುಸ್ತಕಗಳಿಗೆ ಐದರವರೆಗಿನ ನಷ್ಟವನ್ನು ಸಹಜವೆಂದು ಒಪ್ಪುತ್ತದೆ. ರಾಜ್ಯದ ಕಾಲೇಜುಗಳು ತಮ್ಮ ಇಲಾಖೆಯ ಆದೇಶಗಳನ್ನೇ ಪಾಲಿಸಬೇಕಾದರೂ ಈ ಅಳತೆ ಮಾರ್ಗದರ್ಶಕ. ಸಾಗಣೆಯ ನಂತರ ಪುಸ್ತಕ ಕಡಿಮೆ ಬಿದ್ದರೆ ಅದು ಸಾಗಣೆಯಲ್ಲೇ ಕಳೆಯಿತೆಂದು ಅಟೆಂಡರುಗಳ ಮೇಲೆ ಬೆರಳು ತೋರಿಸುವುದು ಸುಲಭ. ಕಟ್ಟುವ ಮೊದಲೇ ಎಣಿಕೆ ಮುಗಿದಿದ್ದರೆ ಆ ಅನ್ಯಾಯಕ್ಕೆ ಅವಕಾಶವಿರುವುದಿಲ್ಲ.

ಕೆಲಸ ಮುಗಿದ ಕೂಡಲೇ ಪುಸ್ತಕಗಳನ್ನು ಒಳಗೆ ತರಬಹುದೇ?

ಉದ್ಘಾಟನೆಯ ದಿನಾಂಕ ಹತ್ತಿರವಾದಾಗ ಎಲ್ಲರಿಗೂ ಇರುವ ಆತುರ ಇದು, ಆದರೆ ತಡೆದುಕೊಳ್ಳಬೇಕು. ಹೊಸ ಗಾರೆಗೆ ದಿನಗಟ್ಟಲೆ ನೀರುಣಿಸಿರುತ್ತಾರೆ, ಮೇಲೆ ಒಣಗಿದಂತೆ ಕಂಡರೂ ಗೋಡೆಯೊಳಗಿನ ತೇವ ವಾರಗಟ್ಟಲೆ ಹೊರಬರುತ್ತಿರುತ್ತದೆ. ಗಾಳಿಯ ತೇವ ಅಳೆಯುವ, ಕಡಿಮೆ ಬೆಲೆಗೆ ಸಿಗುವ ಆರ್ದ್ರತಾ ಮಾಪಕವೊಂದನ್ನು ಕೋಣೆಯ ಮೂಲೆಯಲ್ಲಿಟ್ಟು ಬೆಳಿಗ್ಗೆ, ಸಂಜೆ ಬರೆದಿಡಿ. ಕಿಟಕಿ ಮುಚ್ಚಿದಾಗಲೂ ಅದು ಶೇಕಡ 60ರ ಕೆಳಗೆ ಸ್ಥಿರವಾಗಿ ನಿಂತ ಮೇಲೆ ಪುಸ್ತಕ ತನ್ನಿ. ಶೇಕಡ 65 ದಾಟಿದ ತೇವದಲ್ಲಿ ಬೂಸ್ಟು ಬೆಳೆಯುತ್ತದೆ. ಗೆದ್ದಲು ನಿರೋಧಕ ಸಿಂಪಡಣೆಯೂ ಕೋಣೆ ಖಾಲಿಯಿರುವಾಗಲೇ ಮುಗಿದು, ಅದರ ವಾಸನೆ ಹೋಗುವವರೆಗೆ ಕಿಟಕಿಗಳು ತೆರೆದಿರಬೇಕು. ರ್‍ಯಾಕುಗಳನ್ನು ಗೋಡೆಗೆ ಒರಗಿಸದೆ ಅರ್ಧ ಅಡಿಯಾದರೂ ಬಿಟ್ಟು ನಿಲ್ಲಿಸಿ.

ಮರುಜೋಡಣೆಯನ್ನು ಎಲ್ಲಿಂದ ಆರಂಭಿಸಬೇಕು?

ಪೆಟ್ಟಿಗೆ ಬಿಚ್ಚುವ ಮೊದಲು ಕಾಗದದ ಮೇಲೆ ಪ್ರತಿ ಶೆಲ್ಫಿಗೂ ಯಾವ ಕರೆಸಂಖ್ಯೆಯಿಂದ ಯಾವುದರವರೆಗೆ ಬರಬೇಕೆಂದು ಗುರುತಿಸಿ, ಆ ಚೀಟಿಯನ್ನು ಖಾಲಿ ಶೆಲ್ಫಿಗೆ ಅಂಟಿಸಿ. ಪ್ರತಿ ಶೆಲ್ಫಿನ ಕೊನೆಯ ಕಾಲುಭಾಗವನ್ನು ಹೊಸ ಪುಸ್ತಕಗಳಿಗೆ ಬಿಡಿ. ಕನ್ನಡ ಸಾಹಿತ್ಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಭಾಗಕ್ಕೆ ಇನ್ನೂ ಹೆಚ್ಚು ಬಿಡಬೇಕಾಗುತ್ತದೆ. ಮೊದಲು ಕಟ್ಟಿಟ್ಟ ಪುಸ್ತಕಗಳು ಬರಲಿ, ತಾತ್ಕಾಲಿಕ ಕೋಣೆಯ ಸಂಗ್ರಹ ಕೊನೆಯಲ್ಲಿ ಬರಲಿ. ಹಾಗೆ ಮಾಡಿದರೆ ಕೌಂಟರನ್ನು ಒಂದೇ ಒಂದು ದಿನ ಮುಚ್ಚಿದರೆ ಸಾಕಾಗುತ್ತದೆ. ಒಂದು ರ್‍ಯಾಕು ತುಂಬಿದೊಡನೆ ಅದರ ಪುಸ್ತಕಗಳ ಸ್ಥಳವನ್ನು ತಂತ್ರಾಂಶದಲ್ಲಿ ಮೊದಲಿನಂತೆ ಬದಲಿಸಿ. ಎಲ್ಲ ಮುಗಿದ ಮೇಲೆ ತಾತ್ಕಾಲಿಕ ದಾಸ್ತಾನು ಎಂಬ ಸ್ಥಳದಲ್ಲಿ ಇನ್ನೂ ಯಾವ ಪುಸ್ತಕಗಳು ಉಳಿದಿವೆಯೆಂದು ಒಂದು ವರದಿ ತೆಗೆದು, ಅದರಲ್ಲಿ ಕಂಡ ಪ್ರತಿಯೊಂದನ್ನೂ ಹುಡುಕಿ ಶೆಲ್ಫಿಗೆ ಸೇರಿಸಿದ ಬಳಿಕವಷ್ಟೇ ತರಗತಿ ಕೋಣೆಗಳ ಬೀಗದ ಕೈಯನ್ನು ಕಾಲೇಜು ಕಚೇರಿಗೆ ಒಪ್ಪಿಸಿ.